ಕೊಪ್ಪರಿಗೆಯಲ್ಲಿ ಸಿಕ್ಕ ಅಡಿಕೆ

ತಸ್ಲೀಮಾ ಯಾವಾಗ ಹುಟ್ಟಿದಳು ಎಂದು ಕೇಳಿದರೆ ಅವಳ ಅಪ್ಪ ರಸೂಲಸಾಬರು ಇಸವಿ ಹೇಳುವುದಿಲ್ಲ. "ಕೊಪ್ಪಳ ಜಿಲ್ಲಾ ಆದ ವರ್ಷ ಹುಟ್ಯಾಳ ನೋಡ್ರಿ," ಎನ್ನುತ್ತಾರೆ, ರಾಯಚೂರಿನಿಂದ ಜಿಲ್ಲೆಯನ್ನು ತಾವೇ ಹೊತ್ತು ತಂದವರ ಹಾಗೆ. ಅದು 1997ರ ಮಾತು. ಗಂಗಾವತಿಯಲ್ಲಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವುದು ಅವರ ಕಸುಬು. ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರ ಕರಗಿಸಿ, ಅರಳೆಯಿಂದ ಒಳಗೆಲ್ಲ ಉಜ್ಜುತ್ತಾರೆ. ಮಗಳು ಹುಟ್ಟಿದ ವರ್ಷವೇ ಅವರು ಒಂದು ದೊಡ್ಡ ಕೊಪ್ಪರಿಗೆಯನ್ನೂ ಮನೆಗೆ ತಂದರು. ಹೆಂಡತಿ ಮೈಮುನಬಿ ಅದನ್ನು ಪಡಸಾಲೆಯ ಮೂಲೆಯಲ್ಲಿ ಬೋರಲು ಹಾಕಿ, "ಇದರಾಗ ಮೊದಲ ಸಲ ಅಡಿಗಿ ಆಗೋದು ನನ್ನ ಮಗಳ ಶಾದಿ ದಿನ," ಎಂದು ಓಣಿಗೆಲ್ಲ ಸಾರಿದರು.

ಆ ಕೊಪ್ಪರಿಗೆ ವರ್ಷಗಟ್ಟಲೆ ಅಡಿಗೆಯ ಮುಖ ನೋಡಲಿಲ್ಲ. ಆದರೂ ವರ್ಷಕ್ಕೊಮ್ಮೆ ಅದಕ್ಕೆ ಹೊಸ ಕಲಾಯಿ, ಮೇಲೆ ಹಳೆಯ ಸೀರೆಯ ಹೊದಿಕೆ. ಬಳಸದ ಪಾತ್ರೆಗೆ ಕಲಾಯಿ ಯಾಕೆ ಎಂದು ನಾನೊಮ್ಮೆ ರೇಗಿದ್ದಕ್ಕೆ ರಸೂಲಸಾಬರು, "ಅದು ಪಾತ್ರಿಗೆ ಅಲ್ಲವ್ವ, ನನ್ನ ಸಮಾಧಾನಕ್ಕ," ಎಂದರು. ಸಮಾಧಾನಕ್ಕೆ ತವರ ಕರಗಿಸುವವರನ್ನು ನಾನು ಅವರೊಬ್ಬರನ್ನೇ ಕಂಡಿದ್ದೇನೆ.

ನಾನು ದುರ್ಗಾದೇವಿ. ಗಂಗಾವತಿಯ ಶಾಮಿಯಾನ ಮತ್ತು ಪಾತ್ರೆ ಬಾಡಿಗೆಯವರ ಸಂಘದಲ್ಲಿ ತಸ್ಲೀಮಾಳ ಪಕ್ಕದ ಕುರ್ಚಿ ನನ್ನದು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ಅನ್ನುತ್ತಾರೆ. ಇರಲಿ, ಮೂಗು ನನ್ನದೇ, ಯಾರಿಂದಲೂ ಬಾಡಿಗೆಗೆ ತಂದದ್ದಲ್ಲ.

ತಸ್ಲೀಮಾ ಚಿಕ್ಕಂದಿನಲ್ಲಿ ಬೇಸಿಗೆ ರಜೆಗೆ ಅಪ್ಪನ ಜೊತೆ ಊರೂರು ತಿರುಗಿದವಳು. ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ತಾವರಗೇರಾ, ಎಲ್ಲ ಕಡೆಯ ಲಗ್ನದ ಪಾತ್ರೆಗಳಿಗೆ ಅವಳು ಕೆಂಡಕ್ಕೆ ಗಾಳಿಯೂದುವ ತಿದಿ ಒತ್ತಿದ್ದಾಳೆ. ಯಾವ ಕೊಪ್ಪರಿಗೆಯ ಕಂಠ ಎಲ್ಲಿ ಬಾಗಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಾಳೆ. ಮುಂದೆ ಕಾಲೇಜಿನಲ್ಲಿ ಕಂಪ್ಯೂಟರ್ ಓದಿ ನಮ್ಮ ಸಂಘಕ್ಕೇ ಬಂದಳು. ಅವಳು ಬರುವ ಮುಂಚೆ ಆ ನಾಲ್ಕೂರಿನ ಅಂಗಡಿಗಳವರು ಒಂದೇ ಪಾತ್ರೆಯನ್ನು ಇಬ್ಬರಿಗೆ ಕೊಡುತ್ತೇವೆಂದು ಹೇಳಿ, ಲಗ್ನದ ಮನೆಯ ಅಂಗಳದಲ್ಲೇ ಕಿತ್ತಾಡುತ್ತಿದ್ದರು. ಅವಳು ಗಂಗಾವತಿಯಲ್ಲಿ ಒಂದು ಕಂಪ್ಯೂಟರ್ ಇಟ್ಟು, ನಾಲ್ಕೂರಿನ ಬುಕಿಂಗ್ ಎಲ್ಲ ಅದರಲ್ಲೇ ಆಗುವಂತೆ ಮಾಡಿದಳು. ಜಗಳ ಬಂದರೆ ಕಂಪ್ಯೂಟರ್ ಹೇಳಿದ್ದೇ ಕೊನೆಯ ಮಾತು ಎಂದು ಹಟ ಹಿಡಿದು ಸಂಘದಲ್ಲಿ ಠರಾವು ಮಾಡಿಸಿದವಳೂ ಅವಳೇ. ಆ ಠರಾವು ಮುಂದೆ ಅವಳನ್ನೇ ಕಚ್ಚಿತು.

ನಮ್ಮ ಕಡೆಯ ಎರಡು ಪದ್ಧತಿ ಮೊದಲೇ ಹೇಳಿಬಿಡುತ್ತೇನೆ. ಸಿಹಿ ಊಟದ ಪಾತ್ರೆಯೇ ಬೇರೆ, ಮಾಂಸದ ಊಟದ ಪಾತ್ರೆಯೇ ಬೇರೆ. ಮೊದಲಿನದಕ್ಕೆ ಕಂಠದಲ್ಲಿ ಹಳದಿ ಪಟ್ಟಿ, ಎರಡನೆಯದಕ್ಕೆ ಕೆಂಪು. ಎಷ್ಟು ತಿಕ್ಕಿದರೂ, ಎಷ್ಟು ಕಲಾಯಿ ಹಾಕಿದರೂ ಅದು ಇದಾಗುವುದಿಲ್ಲ. ಇನ್ನೊಂದು, ಬಾಡಿಗೆಗೆ ಪಾತ್ರೆ ಹಿಡಿಯಲು ಬಂದವರು ಎಲೆ ಅಡಿಕೆ ಕೊಡುತ್ತಾರೆ. ಗುಮಾಸ್ತರು ಅವರೆದುರೇ ಒಂದು ಅಡಿಕೆಯನ್ನು ಆ ಪಾತ್ರೆಯೊಳಗೆ ಹಾಕಬೇಕು. ಅಡಿಕೆ ಬಿತ್ತೆಂದರೆ ಮಾತು ಕೊಟ್ಟಂತೆ. ಕಂಪ್ಯೂಟರ್ ಬಂದ ಮೇಲೆ ಇದು ಬರೀ ಶಾಸ್ತ್ರ ಎಂದು ಸಂಘದ ಅಧ್ಯಕ್ಷ ಹೊನ್ನೂರಪ್ಪ ನಗುತ್ತಿದ್ದರು. ನಾವು ಹೆಣ್ಣುಮಕ್ಕಳು ಬಿಟ್ಟಿರಲಿಲ್ಲ.

2024ರಲ್ಲಿ ಆಷಾಢವೂ ಮೊಹರಂ ತಿಂಗಳೂ ಒಟ್ಟಿಗೇ ಬಂದವು. ಹಿಂದೂಗಳಲ್ಲೂ ಲಗ್ನವಿಲ್ಲ, ಮುಸ್ಲಿಮರಲ್ಲೂ ಶಾದಿಯಿಲ್ಲ. ಪಾತ್ರೆಗಳೆಲ್ಲ ಅಂಗಡಿಯಲ್ಲಿ ಬೋರಲು ಮಲಗಿದ್ದವು. ಇದೇ ಒಳ್ಳೆಯ ಹೊತ್ತು ಎಂದು ತಸ್ಲೀಮಾ ನಮ್ಮ ಬುಕಿಂಗ್ ಇರುವ ಡೇಟಾಬೇಸನ್ನು ಹಳೆಯ ಆವೃತ್ತಿಯಿಂದ ಹೊಸದಕ್ಕೆ ಏರಿಸಲು ಹೊರಟಳು. ಅದಕ್ಕಾಗಿ ತಾನೇ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದಳು. ಅದು ಹಳೆಯದನ್ನು ಎಬ್ಬಿಸಿ, ಇದ್ದದ್ದನ್ನೆಲ್ಲ ನಕಲು ತೆಗೆದು, ಹೊಸದಕ್ಕೆ ತುಂಬಿ, ಹಳೆಯದನ್ನು ಮತ್ತೆ ಮಲಗಿಸಬೇಕು.

ಈ ಡೇಟಾಬೇಸಿಗೆ ಎರಡು ಬಾಗಿಲಿವೆ ಎಂದು ಅವಳು ನನಗೆ ಹೇಳಿಕೊಟ್ಟಿದ್ದಾಳೆ. ಬೀದಿ ಬಾಗಿಲು ನೆಟ್‌ವರ್ಕ್ ಮೂಲಕ ಬರುವವರಿಗೆ. ನಾಲ್ಕೂರಿನ ಗುಮಾಸ್ತರ ಬಣ್ಣದ ಪರದೆ ಆ ದಾರಿಯಲ್ಲೇ ಹೋಗುತ್ತದೆ. ಹಿತ್ತಲ ಬಾಗಿಲು ಅದೇ ಕಂಪ್ಯೂಟರಿನೊಳಗೆ ಇರುವವರಿಗೆ. ಅದು ಒಂದು ಫೈಲಿನ ರೂಪದಲ್ಲಿರುತ್ತದೆ, ಹೆಸರು ಸಾಕೆಟ್ ಫೈಲು. ಡೇಟಾಬೇಸ್ ಎದ್ದಾಗ ಹುಟ್ಟುತ್ತದೆ, ಮಲಗಿದಾಗ ಇಲ್ಲವಾಗುತ್ತದೆ. ಇಂಥಲ್ಲಿ ಕೂತುಕೋ ಎಂದು ಹೇಳದಿದ್ದರೆ ಎಲ್ಲರೂ ಓಡಾಡುವ ಟೆಂಪ್ ಫೋಲ್ಡರಿನಲ್ಲಿ ಕೂತುಬಿಡುತ್ತದೆ. ಬಣ್ಣದ ಪರದೆ ಕೈಕೊಟ್ಟಾಗ ಇರಲಿ ಎಂದು ತಸ್ಲೀಮಾ ಗುಮಾಸ್ತರಿಗೆ ಒಂದು ಕಪ್ಪು ಪರದೆಯನ್ನೂ ಕಲಿಸಿದ್ದಳು. ತಮ್ಮ ಊರಿನಿಂದಲೇ ಗಂಗಾವತಿಯ ಕಂಪ್ಯೂಟರಿಗೆ ಲಾಗಿನ್ ಆಗಿ, ಅಲ್ಲಿಂದ ಈ ಹಿತ್ತಲ ಬಾಗಿಲಲ್ಲಿ ಒಳಗೆ ಹೋಗಬಹುದು.

ಮೊಹರಂ ಹಬ್ಬದ ಅಲಾಯಿ ದೇವರು ಹೊಳೆಗೆ ಹೋಗುವ ಕೊನೆಯ ದಿನ ಎಲ್ಲ ಅಂಗಡಿಗೂ ರಜೆ. ಅವತ್ತೇ ಮಧ್ಯಾಹ್ನ ತಸ್ಲೀಮಾ ಕೆಲಸ ಮುಗಿಸಿದಳು. ಯಾರೂ ಬುಕ್ ಮಾಡಬೇಡಿ ಎಂದು ಮೊಬೈಲ್ ಗುಂಪಿನಲ್ಲಿ ಮೆಸೇಜ್ ಹಾಕಿ, ಬೀದಿ ಬಾಗಿಲು ಮುಚ್ಚಿ, ಪ್ರೋಗ್ರಾಂ ಓಡಿಸಿದಳು. ಎಲ್ಲ ಸಲೀಸಾಗಿ ಆಯಿತು. ಮರುದಿನ ನನಗೆ ಹಬ್ಬದ ಸಿಹಿ ಚೊಂಗೆ ತಂದುಕೊಟ್ಟಳು. ನಾನು ತಿಂದೆ, ಚೆನ್ನಾಗಿತ್ತು.

ಮುಂದಿನ ವಾರ ಸಿದ್ದಾಪುರದವರು ಬಂದು ಶ್ರಾವಣದ ಮೊದಲ ಮುಹೂರ್ತಕ್ಕೆ ಸಿಹಿ ಊಟದ ದೊಡ್ಡ ಕೊಪ್ಪರಿಗೆ ಕೇಳಿದರು. ಯಲಬುರ್ಗಾ ಅಂಗಡಿಯದು ಖಾಲಿ ಎಂದು ಪರದೆ ತೋರಿಸಿತು. ನಾನು ಬುಕ್ ಮಾಡಿದೆ. ಅವರು ಕೊಟ್ಟ ಅಡಿಕೆಯನ್ನು ಯಲಬುರ್ಗಾಕ್ಕೆ ಹೋಗುವವರ ಕೈಯಲ್ಲಿ ಕಳಿಸಿದರಾಯಿತೆಂದು ಮೇಜಿನ ಮೇಲಿಟ್ಟುಕೊಂಡೆ.

ರಸೂಲಸಾಬರು ಆ ಹೊತ್ತಿಗೆ ಯಲಬುರ್ಗಾದಲ್ಲಿ ಕಲಾಯಿ ಹಾಕುತ್ತಿದ್ದರು. ಅಲ್ಲಿಂದ ಮಗಳಿಗೆ ಫೋನು ಬಂತು.

"ಇಲ್ಲಿ ದೊಡ್ಡ ಕೊಪ್ಪರಿಗಿ ಬೋರಲ ಹಾಕಿದ್ರ ಟಣ್ಣಂತ ಒಂದ ಅಡಿಕಿ ಬಿತ್ತು. ಯಾರ ಲಗ್ನದ್ದು?"

"ಸಿದ್ದಾಪುರದವ್ರದು ಅಬ್ಬಾ," ಎಂದ ತಸ್ಲೀಮಾ ನನ್ನ ಮೇಜಿನ ಕಡೆ ನೋಡಿದಳು. ಸಿದ್ದಾಪುರದವರ ಅಡಿಕೆ ಅಲ್ಲೇ ನನ್ನ ಪೆನ್ನಿನ ಪಕ್ಕ ಕೂತಿತ್ತು.

ಅಲ್ಲಿದ್ದ ಅಡಿಕೆ ಯಾರದು ಎಂದು ವಿಚಾರಿಸಿದರೆ ಮಂಗಳೂರು ಪಕೀರಮ್ಮನದು. ಯಲಬುರ್ಗಾದ ಹತ್ತಿರದ ಮಂಗಳೂರು ಅದು. ಪಕೀರಮ್ಮ ಆ ರಜೆಯ ದಿನ ಅಲಾಯಿ ದೇವರಿಗೆ ಹರಕೆಯ ಸಕ್ಕರೆ ಓದಿಸಲು ಯಲಬುರ್ಗಾಕ್ಕೆ ಬಂದವಳು, ಹೇಗೂ ಬಂದಿದ್ದೇನಲ್ಲ ಎಂದು ಮಗಳ ಲಗ್ನಕ್ಕೆ ಕೊಪ್ಪರಿಗೆ ಹಿಡಿಯಲು ಅಂಗಡಿಯ ಗುಮಾಸ್ತೆ ಶೇಖರಮ್ಮನ ಮನೆ ಬಾಗಿಲು ತಟ್ಟಿದ್ದಳು. ಮುಹೂರ್ತ ಅದೇ, ಸಿದ್ದಾಪುರದವರದೇ ಮುಹೂರ್ತ. ಹಬ್ಬದ ದಿನ ಎಲೆ ಅಡಿಕೆ ಹಿಡಿದು ಬಂದವರನ್ನು ವಾಪಸು ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಶೇಖರಮ್ಮ ಅಂಗಡಿ ತೆಗೆದಳು, ಅಡಿಕೆ ಹಾಕಿದಳು. ಬುಕಿಂಗೂ ಮಾಡಿದೆ ಎಂದು ಅವಳ ಮಾತು. ಆದರೆ ಕಂಪ್ಯೂಟರಿನಲ್ಲಿ ಪಕೀರಮ್ಮನ ಹೆಸರಿನ ಸುಳಿವೇ ಇಲ್ಲ.

ಹೊನ್ನೂರಪ್ಪನವರು ಶೇಖರಮ್ಮನನ್ನು ಗಂಗಾವತಿಗೆ ಕರೆಸಿದರು. ಶೇಖರಮ್ಮ ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಮಾತು ಕಡಿಮೆ, ತಗ್ಗಿದ ದನಿ. ಬಸ್ಸಿಳಿದು ಬಂದವಳು ಕುರ್ಚಿ ತೋರಿಸಿದರೂ ಕೂಡಲಿಲ್ಲ.

"ಎಲಿ ಅಡಿಕಿ ಇಸ್ಕೊಂಡಿ, ಕಂಪ್ಯೂಟರಿಗೆ ಹಾಕೋದು ಮರತಿ," ಎಂದರು ಹೊನ್ನೂರಪ್ಪ. "ಮರತೆ ಅಂತ ಒಪ್ಕೊಂಡ್ರ ಮುಗದ ಹೋಗ್ತೈತಿ. ಸುಳ್ಳು ಹೇಳೋದಾದ್ರ ನಾಳಿಂದ ಬರಬ್ಯಾಡ."

"ಮರತಿಲ್ರಿ. ಹಾಕೀನಿ. ಆತು ಅಂತ ಪರದಿ ಮ್ಯಾಲ ಬಂದಿದ್ದನ್ನ ಪಕೀರಮ್ಮಗ ಓದಿ ಹೇಳೀನಿ."

"ಮತ್ತ ಎಲ್ಲಿ ಹೋತು?"

"ನಂಗ ಗೊತ್ತಿಲ್ರಿ. ಕೆಲಸ ಹೋದ್ರ ಹೋಗ್ಲಿ. ಮಂಗಳೂರು ನನ್ನ ತವರಮನಿ. ಅಲ್ಲಿ ನಾನು ಮಾತು ಕೊಟ್ಟು ತಪ್ಪಿದಾಕಿ ಅಂತಾದ್ರ ಯಾವ ಮಾರಿ ಹೊತ್ಕೊಂಡು ಹೋಗ್ಲಿ?"

ನಾನು ಹೊನ್ನೂರಪ್ಪನವರಿಗೆ ಎರಡು ಮಾತು ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ತಸ್ಲೀಮಾ ಕೇಳಿದಳು, "ಯಾವ ಪರದಿಯೊಳಗ ಹಾಕಿದ್ರಿ ಶೇಖರಮ್ಮಾರ?"

"ಬಣ್ಣದ್ದು ತೆರಿಲಿಲ್ರಿ ಮೇಡಂ. ನೀವ ಕಲಿಸಿದ್ರೆಲ್ಲ, ಕರೇದು. ಅದರಾಗ ಹಾಕಿದೆ."

ತಸ್ಲೀಮಾ ಎದ್ದು ಕಂಪ್ಯೂಟರಿನ ಮುಂದೆ ಕೂತಳು. ಹಳೆಯ ಡೇಟಾಬೇಸನ್ನು ಅವಳು ಅಳಿಸಿರಲಿಲ್ಲ, ಮಲಗಿಸಿ ಇಟ್ಟಿದ್ದಳು. ಅದನ್ನು ಮತ್ತೆ ಎಬ್ಬಿಸಿ ಹುಡುಕಿದಳು. ಎಲ್ಲಕ್ಕಿಂತ ಕೊನೆಗೆ, ನಕಲು ಶುರುವಾದ ಮೇಲೆ ಬಂದು ಕೂತಿತ್ತು: ಪಕೀರಮ್ಮ, ಮಂಗಳೂರು, ದೊಡ್ಡ ಕೊಪ್ಪರಿಗೆ, ಸಿಹಿ ಊಟ.

ಆದದ್ದು ಇಷ್ಟೇ. ತಸ್ಲೀಮಾ ಬೀದಿ ಬಾಗಿಲನ್ನು ಭದ್ರವಾಗಿ ಮುಚ್ಚಿದ್ದಳು. ನಕಲು ತೆಗೆಯಲು ಹಳೆಯ ಡೇಟಾಬೇಸನ್ನು ಎಬ್ಬಿಸಿದಾಗ ಅದರ ಸಾಕೆಟ್ ಫೈಲು ಎಂದಿನ ರೂಢಿಯಂತೆ ಟೆಂಪ್ ಫೋಲ್ಡರಿನಲ್ಲೇ ಹೋಗಿ ಕೂತಿತ್ತು. ಶೇಖರಮ್ಮನ ಕಪ್ಪು ಪರದೆ ಅದನ್ನು ಕಂಡಿತು, ಒಳಗೆ ಹೋಯಿತು, ಬರೆಯಿತು, "ಆಯಿತು" ಎಂದಿತು. ನಕಲಿನಲ್ಲಿ ಬಂದದ್ದು ಅದು ಶುರುವಾಗುವ ಮುಂಚೆ ಇದ್ದದ್ದು ಮಾತ್ರ. ಆಮೇಲೆ ಬಂದ ಪಕೀರಮ್ಮ ಹಳೆಯ ಮನೆಯಲ್ಲೇ ಉಳಿದುಬಿಟ್ಟಳು.

"ತಪ್ಪು ನಂದು," ಎಂದಳು ತಸ್ಲೀಮಾ. "ಇವ್ರು ಹಾಕ್ಯಾರ. ನಾ ಕಳದೀನಿ."

"ಯಾರೂ ಬರಬ್ಯಾಡ್ರಿ ಅಂತ ನೀ ಮೆಸೇಜ್ ಹಾಕಿದ್ದೆಲ್ಲ," ಎಂದರು ಹೊನ್ನೂರಪ್ಪ, ಅವಳನ್ನು ಉಳಿಸುವ ದನಿಯಲ್ಲಿ.

"ಶೇಖರಮ್ಮಾರನ್ನ ಗುಂಪಿಗೆ ಇನ್ನೂ ಸೇರಿಸೇ ಇಲ್ಲ ಕಾಕಾ. ಸೇರಿಸಿದ್ರೂ ಅಷ್ಟ. ಮೆಸೇಜ್ ಹಾಕೋದು ಬ್ಯಾರೆ, ಬಾಗಲಾ ಹಾಕೋದು ಬ್ಯಾರೆ."

ಶೇಖರಮ್ಮ ಆಗ ಕುರ್ಚಿಯಲ್ಲಿ ಕೂತಳು. ನೀರು ಕೇಳಿ ಕುಡಿದಳು. ಹೊನ್ನೂರಪ್ಪ ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ನಾನು ಬಿಡಲಿಲ್ಲ. "ಆ ಕ್ಯಾಲೆಂಡರ್ ಹೋದ ವರ್ಷದ್ದರಿ," ಎಂದೆ.

ಊಟವಾದ ಮೇಲೆ ತಸ್ಲೀಮಾ ತನ್ನ ಪ್ರೋಗ್ರಾಂ ತಿದ್ದಲು ಕೂತಳು. ಶೇಖರಮ್ಮನನ್ನೂ ಪಕ್ಕದ ಕಂಪ್ಯೂಟರಿನ ಮುಂದೆ ಕೂಡಿಸಿ, "ನೀವು ಹ್ಯಾಂಗಾದ್ರೂ ಮಾಡಿ ಒಳಗ ಬರ್ರಿ, ನೋಡೋಣ," ಎಂದಳು. ಹಳೆಯ ಡೇಟಾಬೇಸಿನದೊಂದು ಪ್ರತಿ ಮಾಡಿಕೊಂಡು ಅದರ ಮೇಲೆ ಪರೀಕ್ಷೆ. ಈ ಸಲ ಸಾಕೆಟ್ ಫೈಲಿಗೆ ಬೇರೆಯದೇ ಒಂದು ಫೋಲ್ಡರು. ಅದರೊಳಗೆ ಕಾಲಿಡಲು ತಸ್ಲೀಮಾಳೊಬ್ಬಳಿಗೇ ಅಪ್ಪಣೆ. ಪ್ರೋಗ್ರಾಂ ಓಡಿದಾಗ ಆ ಫೋಲ್ಡರು ಹೊಸದಾಗಿ ಹುಟ್ಟಬೇಕು, ಕೆಲಸ ಮುಗಿದಾಗ ಅಳಿಯಬೇಕು.

ಮೊದಲ ಸಲ ಡೇಟಾಬೇಸ್ ಏಳಲೇ ಇಲ್ಲ. ತಸ್ಲೀಮಾ ಭಕ್ತಿಯಿಂದ ಫೋಲ್ಡರಿಗೆ ಸಂಘದ ಪೂರ್ತಿ ಹೆಸರನ್ನು ಕನ್ನಡದಲ್ಲೇ ಇಟ್ಟಿದ್ದಳು, ನಾಲ್ಕೂರನ್ನೂ ಸೇರಿಸಿ. ಸಾಕೆಟ್ ಫೈಲಿನ ದಾರಿ, ಅಂದರೆ ಫೋಲ್ಡರಿನ ಹೆಸರೂ ಸೇರಿದ ಅದರ ಪೂರ್ತಿ ವಿಳಾಸ, ಇಷ್ಟಕ್ಕಿಂತ ಉದ್ದ ಇರಬಾರದು ಎಂದು ಕಂಪ್ಯೂಟರಿನದೊಂದು ಕಟ್ಟಳೆಯಂತೆ. ಕನ್ನಡದ ಒಂದೊಂದು ಅಕ್ಷರವೂ ಇಂಗ್ಲಿಷ್ ಅಕ್ಷರದ ಮೂರು ಪಟ್ಟಾದರೂ ಜಾಗ ಹಿಡಿಯುತ್ತದಂತೆ. ಕುಷ್ಟಗಿ ಬರುವಷ್ಟರಲ್ಲಿ ಜಾಗ ಮುಗಿದಿತ್ತು.

"ಯಲಬುರ್ಗಾ ಕೊನಿಗೆ ಇತ್ತೇನು?" ಎಂದು ಶೇಖರಮ್ಮ ಕೇಳಿದಳು. ಅವಳ ಮುಖದಲ್ಲಿ ನಗು ಕಂಡದ್ದು ಅದೇ ಮೊದಲು.

ಹೆಸರು ಮೊಟಕಾಯಿತು. ಪ್ರತಿ ಸಲವೂ ಯಾರೂ ಊಹಿಸಲಾಗದಂಥ ಹೊಸ ಹೆಸರನ್ನು ಪ್ರೋಗ್ರಾಮೇ ಇಟ್ಟುಕೊಳ್ಳುವ ಹಾಗೆ ತಿದ್ದಿದಳು. ಮೊದಲೇ ಗೊತ್ತಿರುವ ಹೆಸರಾದರೆ ಬೇರೆ ಯಾರಾದರೂ ಅದೇ ಹೆಸರಿನಲ್ಲಿ ಮುಂಚೆಯೇ ಏನಾದರೂ ಇಟ್ಟು ಕಾಯಬಹುದು ಎಂದು ಅವಳ ವಿವರಣೆ. ಎರಡನೆಯ ಸಲ ಎಲ್ಲ ನಡೆಯುತ್ತಿರುವಾಗ ನಾನು ಫ್ಯಾನಿನ ಬದಲು ಬೇರೆ ಸ್ವಿಚ್ ಒತ್ತಿ ಕಂಪ್ಯೂಟರ್ ಪರದೆ ಆರಿಸಿಬಿಟ್ಟೆ. ತಸ್ಲೀಮಾ ಗಾಬರಿಯಲ್ಲಿ ಪ್ರೋಗ್ರಾಂ ಅರ್ಧಕ್ಕೇ ನಿಲ್ಲಿಸಿದಳು. ನೋಡಿದರೆ ಡೇಟಾಬೇಸ್ ಇನ್ನೂ ಎದ್ದೇ ಇದೆ, ಫೋಲ್ಡರು ಹಾಗೇ ಬಿದ್ದಿದೆ. "ಛಲೋ ಆತು ದುರ್ಗಕ್ಕ, ಇದನ್ನ ನೋಡಿರಲಿಲ್ಲ," ಎಂದು, ನಡುವೆ ನಿಂತರೂ ಡೇಟಾಬೇಸನ್ನು ಮಲಗಿಸಿ, ತಾನು ಮಾಡಿದ ಫೋಲ್ಡರನ್ನು ತಾನೇ ತೆಗೆದು ಹೋಗುವಂತೆ ಬರೆದಳು. ತನ್ನದನ್ನು ಮಾತ್ರ, ಬೇರೆಯವರದನ್ನು ಮುಟ್ಟದ ಹಾಗೆ.

ಮೂರನೆಯ ಸಲ ಶೇಖರಮ್ಮ ಬಣ್ಣದ ಪರದೆಯಲ್ಲಿ ಬಂದಳು, ಆಗಲಿಲ್ಲ. ಕಪ್ಪು ಪರದೆಯಲ್ಲಿ ಬಂದಳು, ಬಾಗಿಲೇ ಕಾಣಲಿಲ್ಲ. ತಸ್ಲೀಮಾ ಫೋಲ್ಡರಿನ ಹೆಸರು ಹೇಳಿಕೊಟ್ಟಳು, ಆದರೂ ಅಪ್ಪಣೆಯಿಲ್ಲ ಎಂದಿತು. "ನಂಗ ಆಗವಲ್ದು," ಎಂದು ಶೇಖರಮ್ಮ ಕೈ ಎತ್ತಿದಾಗ ಮೂವರೂ ಹಬ್ಬದಷ್ಟು ಖುಷಿಪಟ್ಟೆವು.

ಬಾಗಿಲೇನೋ ಸರಿಯಾಯಿತು. ಪಕೀರಮ್ಮನ ಕೊಪ್ಪರಿಗೆ? ಕಂಪ್ಯೂಟರ್ ಹೇಳಿದ್ದೇ ಕೊನೆಯ ಮಾತು ಎಂಬ ಠರಾವಿನಂತೆ ಯಲಬುರ್ಗಾದ್ದು ಸಿದ್ದಾಪುರದವರಿಗೆ ಹೋಗಬೇಕು. ಹಳೆಯದೂ ಕಂಪ್ಯೂಟರೇ ತಾನೆ ಎಂದು ನಾನು ವಾದಿಸಿ ನೋಡಿದೆ. ಸಿದ್ದಾಪುರದವರು ಒಪ್ಪಲಿಲ್ಲ. ಕೊಪ್ಪಳ, ಕುಷ್ಟಗಿ, ತಾವರಗೇರಾ, ಎಲ್ಲ ಕಡೆ ಫೋನು ಮಾಡಿದೆವು. ಹಳದಿ ಪಟ್ಟಿಯ ದೊಡ್ಡ ಕೊಪ್ಪರಿಗೆಗಳೆಲ್ಲ ಅದೇ ಮುಹೂರ್ತಕ್ಕೆ ಹೋಗಿದ್ದವು. ಕೆಂಪು ಪಟ್ಟಿಯವು ಸಾಲಾಗಿ ಬಿದ್ದಿದ್ದವು, ಆದರೆ ಅವುಗಳಲ್ಲಿ ಪಕೀರಮ್ಮ ಮಗಳ ಲಗ್ನದ ಗೋಧಿ ಹುಗ್ಗಿ ಬೇಯಿಸುವ ಮಾತೇ ಇಲ್ಲ. ಶೇಖರಮ್ಮ ಸಂಜೆ ಬಸ್ಸು ಹತ್ತುವಾಗ ಅವಳ ನೌಕರಿ ಉಳಿದಿತ್ತು. ಕೊಟ್ಟ ಮಾತು ಮಾತ್ರ ಇನ್ನೂ ತೂಗಾಡುತ್ತಿತ್ತು.

ನಮ್ಮ ಸುತ್ತಲಿನ ಊರುಗಳಲ್ಲೆಲ್ಲ ಕೆಂಪೂ ಅಲ್ಲದ, ಹಳದಿಯೂ ಅಲ್ಲದ ದೊಡ್ಡ ಕೊಪ್ಪರಿಗೆ ಒಂದೇ ಇತ್ತು. ಅದು ರಸೂಲಸಾಬರ ಪಡಸಾಲೆಯಲ್ಲಿ ಸೀರೆ ಹೊದ್ದು ಮಲಗಿತ್ತು.

ತಸ್ಲೀಮಾ ನನ್ನನ್ನೂ ಜೊತೆಗೆ ಕರೆದುಕೊಂಡು ಮನೆಗೆ ಹೋದಳು. ವಿಷಯ ತಿಳಿದ ಕೂಡಲೇ ಮೈಮುನಬಿ ಹೋಗಿ ಕೊಪ್ಪರಿಗೆಯ ಮೇಲೆ ಕೂತುಬಿಟ್ಟರು.

"ಎಷ್ಟು ವರ್ಷದಿಂದ ಕಾಯ್ದೀನಿ ಇದನ್ನ," ಎಂದರು. "ಊರ ಮಂದಿ ಲಗ್ನಕ್ಕ ಕೊಟ್ಟು, ನಾಳೆ ನಿನ್ನ ಶಾದಿಗೆ ಮಸಿ ಹಿಡದಿದ್ದು ಇಡ್ಲೇನು?"

"ಅಮ್ಮಿ, ಆ ಹೆಣ್ಣುಮಗಳು ಸುಳ್ಳು ಹೇಳಿಲ್ಲ. ನಾ ಬಾಗಲಾ ತೆರದಿಟ್ಟಿದ್ದಕ್ಕ ಆಕಿ ಮಾತು ಸುಳ್ಳಾಗೈತಿ. ಶಾದಿ ನಂದು, ಕೊಪ್ಪರಿಗಿ ನಂದು. ನಾ ಕೇಳಾಕತ್ತೀನಿ."

ಮೈಮುನಬಿ ಎದ್ದು, ಸೀರೆ ಎಳೆದು ಮಡಚಿಟ್ಟು, ಒಳಗೆ ಹೋದರು. ಮಗಳ ಜೊತೆ ಮಾತು ಬಿಟ್ಟರು. ಚಹಾ ನನ್ನೊಬ್ಬಳಿಗೆ ಬಂತು. ರಸೂಲಸಾಬರು ತಿದಿ ಹೊರಗೆ ತಂದರು. "ಬರೀ ಸಮಾಧಾನಕ್ಕ ಹಾಕಿದ ಕಲಾಯಿ ಇದು. ಅಡಿಗಿಗೆ ದಪ್ಪನ್ನ ಹಾಕಬೇಕು," ಎಂದರು.

ಪಕೀರಮ್ಮನ ಮಗಳ ಲಗ್ನದ ಮರುದಿನ ನಾನು ತಸ್ಲೀಮಾಳ ಮನೆಯಲ್ಲೇ ಇದ್ದೆ. ಟೆಂಪೊ ಬಂದು ನಿಂತಿತು. ಮುಂದೆ ಶೇಖರಮ್ಮ, ಪಕ್ಕದಲ್ಲಿ ಪಕೀರಮ್ಮ, ಹಿಂದೆ ಕೊಪ್ಪರಿಗೆ. ತಳವೆಲ್ಲ ಕಪ್ಪು, ಕಂಠಕ್ಕೆ ಅರಿಷಿಣ. ಇಬ್ಬರು ಇಳಿಸಲು ಹೋದರೆ ಅಲುಗಲಿಲ್ಲ. ಒಳಗೆ ಗೋಧಿ, ಒಣಕೊಬ್ಬರಿ, ಬೆಲ್ಲದಚ್ಚು, ಮೇಲೆ ಮಡಚಿದ ಕುಪ್ಪಸದ ಖಣಗಳು, ಹಸಿರು ಬಳೆ. ಹೆಣ್ಣುಮಗಳಿಗೆ ಉಡಿ ತುಂಬುವಂತೆ ಪಕೀರಮ್ಮ ಕೊಪ್ಪರಿಗೆ ತುಂಬಿಸಿದ್ದಳು.

"ಮಗಳ ಪಾತ್ರಿ ಅಂತ ಶೇಖರವ್ವ ಹೇಳಿದ್ಲು. ಬರಿದ ಹ್ಯಾಂಗ ಕಳಸಲಿ?" ಎಂದು ಪಕೀರಮ್ಮ ಮೈಮುನಬಿಯ ಕೈ ಹಿಡಿದಳು. "ಹುಗ್ಗಿ ಒಂಚೂರೂ ತಳ ಹತ್ತಲಿಲ್ರಿ ಯವ್ವ."

ಮೈಮುನಬಿ ಒಂದೊಂದನ್ನೇ ತೆಗೆದು ಮೊರಕ್ಕೆ ಹಾಕತೊಡಗಿದರು. ಗೋಧಿ ಮುಗಿಯುತ್ತ ಬಂದಾಗ ಅವರ ಕೈ ನಿಂತಿತು. ಬೆರಳ ತುದಿಯಲ್ಲಿ ಒಂದು ಅಡಿಕೆ ಹಿಡಿದು ಮೇಲೆತ್ತಿದರು.

"ಇದ್ಯಾರು ಹಾಕಿದ್ದು? ಕೊಪ್ಪರಿಗಿ ಮತ್ತ ಯಾರಿಗೆ ಹೇಳೀರಿ?"

"ನಾ ಹಾಕೀನಿ," ಎಂದಳು ಶೇಖರಮ್ಮ. ತಗ್ಗಿದ ದನಿ ಈಗ ಓಣಿಗೆ ಕೇಳುವಷ್ಟಿತ್ತು. "ತಸ್ಲೀಮಾನ ಶಾದಿಗೆ. ಅಡಿಗಿ ಮಾಡಾಕ, ಬಡಸಾಕ ಮಂಗಳೂರಿನ ಹೆಣ್ಣುಮಕ್ಕಳೆಲ್ಲಾ ಬರ್ತಾರ."

ತಸ್ಲೀಮಾ ನಕ್ಕಳು. "ದಿನಾಂಕ ಇಲ್ಲದ ಬುಕಿಂಗ್ ಕಂಪ್ಯೂಟರ್ ತಗೊಳಂಗಿಲ್ರಿ ಶೇಖರಮ್ಮಾರ."

"ಕಂಪ್ಯೂಟರ್ ತಗೊಳದಿದ್ರ ಬಿಡು. ದಿನ ನೀ ಯಾವತ್ತರ ಇಟ್ಕೊ, ಹತ್ತು ವರ್ಷ ಬಿಟ್ಟು ಇಟ್ಕೊ. ನಾ ಮಾತು ಕೊಟ್ಟೀನಿ."

ಮೈಮುನಬಿ ಅಡಿಕೆಯನ್ನು ಸೆರಗಿನಿಂದ ಒರೆಸಿದರು. ಅದನ್ನು ಮತ್ತೆ ಕೊಪ್ಪರಿಗೆಯೊಳಗೆ ಹಾಕಿ, ಅಷ್ಟು ದಿನದ ಮೇಲೆ ಮಗಳ ಕಡೆ ತಿರುಗಿ, "ಚಹಾಕ್ಕ ಇಡು, ಎಲ್ಲಾರಿಗೂ," ಎಂದರು.